ಪರಿಮಳದ ಬೆನ್ನು ಹತ್ತಿದ ಕಾನೂನು

ಬೈಲಹೊಂಗಲದ ಕಡೆ ಸಂತೆಯ ದಿನ ಪಾನ್ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು, ಮಾವಾ ಹೇಗೆ ತಯಾರಾಗುತ್ತದೆ ಎಂಬುದು ಕಣ್ಣಿಗೇ ಬೀಳುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಹಿಡಿ ಅಡಿಕೆ ಚೂರು, ಅದರ ಮೇಲೆ ಚಿಟಿಕೆ ತಂಬಾಕು, ನಾಲ್ಕು ಹನಿ ಸುಣ್ಣದ ನೀರು. ಹಾಳೆಯನ್ನು ಮಡಚಿ, ಎರಡೂ ಅಂಗೈಗಳ ನಡುವೆ ಬಿಸಿ ಏರುವವರೆಗೆ ತಿಕ್ಕಿ, ಗಂಟು ಕಟ್ಟಿ ಗಿರಾಕಿಯ ಕೈಗಿಟ್ಟರೆ ಮುಗಿಯಿತು. ಅದರ ಮೇಲೆ ಕಂಪನಿಯ ಹೆಸರಿಲ್ಲ, ದರವಿಲ್ಲ, ಕ್ಯಾನ್ಸರ್ ಹುಣ್ಣಿನ ಎಚ್ಚರಿಕೆ ಚಿತ್ರವೂ ಇಲ್ಲ. ತಂಬಾಕಿನ ಮೇಲೆ ಎರಡು ದಶಕಗಳಿಂದ ಬಂದ ಕಾನೂನುಗಳೆಲ್ಲ ಈ ಪುಟ್ಟ ಗಂಟಿನ ಸುತ್ತ ಸುತ್ತಿ ಹೋಗಿವೆ.

ಈ ಸೀಮೆಗೆ ತಂಬಾಕು ಹೊಸದಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಇದೇ ಬೆಳಗಾವಿ ಜಿಲ್ಲೆಯಲ್ಲಿದೆ. 1981ರಲ್ಲಿ ನ್ಯಾಯವಾದ ಬೆಲೆ ಕೇಳಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ಅಲ್ಲಿನ ರೈತರು ಹೆದ್ದಾರಿಗಿಳಿದಾಗ ಪೊಲೀಸರ ಗುಂಡಿಗೆ ಜೀವಗಳು ಬಲಿಯಾದವು. ತಂಬಾಕು ಇಲ್ಲಿ ಬೆಳೆಯೂ ಹೌದು, ಕೂಲಿಯೂ ಹೌದು. ಆದರೆ ಎಲೆ ಅಡಿಕೆಯ ಜೊತೆ ಹಿರಿಯರು ಹಾಕಿಕೊಳ್ಳುತ್ತಿದ್ದ ತಂಬಾಕಿನ ಘಾಟು ಎಳೆಯ ಬಾಯಿಗೆ ಒಗ್ಗುತ್ತಿರಲಿಲ್ಲ. ಏಲಕ್ಕಿ, ಗುಲಾಬಿ, ಕೇದಗೆಯ ಪರಿಮಳ ಹೊತ್ತ ಗುಟಕಾ ಚೀಟುಗಳು ಬಂದ ಮೇಲೆ ಆ ತಡೆಯೇ ಬಿದ್ದುಹೋಯಿತು. ಪರಿಮಳ ಬಾಯಿಯ ರುಚಿಗಾಗಿ ಮಾತ್ರ ಬಂದದ್ದಲ್ಲ, ಹೊಸ ಗಿರಾಕಿಗೆ ಬಾಗಿಲು ತೆರೆಯಲು ಬಂದದ್ದು.

ಈ ಬಾಗಿಲು ಮುಚ್ಚುವ ಮೊದಲ ಯತ್ನಗಳು ನೆರೆರಾಜ್ಯಗಳಲ್ಲಿ ನಡೆದವು. 2002ರಲ್ಲಿ ಮಹಾರಾಷ್ಟ್ರ ಗುಟಕಾ ನಿಷೇಧಿಸಿತು. ಅಂಥ ನಿಷೇಧ ರಾಜ್ಯದ ಅಧಿಕಾರಕ್ಕೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಗೋದಾವತ್ ಪಾನ್ ಮಸಾಲಾ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು. ಅಷ್ಟರಲ್ಲಿ ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯ್ದೆ ಕೋಟ್ಪಾ ಬಂದಿತ್ತು: 18 ತುಂಬದವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ ನೂರು ಗಜದೊಳಗೆ ಮಾರುವಂತಿಲ್ಲ. ತಪ್ಪಿದರೆ ದಂಡ 200 ರೂಪಾಯಿ. ದಿನದ ವ್ಯಾಪಾರದ ಮುಂದೆ ಆ ದಂಡ ಯಾವ ಅಂಗಡಿಗೂ ಭಾರವಾಗಿರಲಿಲ್ಲ.

ನಿಜವಾದ ತಿರುವು ಬಂದದ್ದು ಆಹಾರ ಕಾನೂನಿನಿಂದ. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂಬ 2011ರ ಆಹಾರ ಸುರಕ್ಷತಾ ನಿಯಮ ಹಿಡಿದು ಮಧ್ಯಪ್ರದೇಶ 2012ರ ಏಪ್ರಿಲ್‌ನಲ್ಲಿ ಗುಟಕಾ ನಿಲ್ಲಿಸಿತು. ಕರ್ನಾಟಕ 2013ರ ಮೇ ಕೊನೆಗೆ ಆ ದಾರಿ ಹಿಡಿಯಿತು. ಕೆಲವೇ ದಿನಗಳಲ್ಲಿ ಅಂಗಡಿಯ ಹಗ್ಗದ ಮೇಲೆ ಎರಡು ಸರ ತೂಗತೊಡಗಿದವು: ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಇನ್ನೊಂದರಲ್ಲಿ ಬರೀ ತಂಬಾಕು. ಎರಡನ್ನೂ ಹರಿದು ಗಿರಾಕಿಯೇ ಬಾಯಲ್ಲಿ ಬೆರೆಸಿಕೊಂಡ. ಅದೇ ವರ್ಷ ಮಹಾರಾಷ್ಟ್ರ ಒಂದು ಹೆಜ್ಜೆ ಮುಂದೆ ಹೋಗಿ ಸುವಾಸಿತ ತಂಬಾಕು, ಸುವಾಸಿತ ಅಡಿಕೆ, ಖರ್ರಾ, ಮಾವಾ ಎಲ್ಲವನ್ನೂ ಹೆಸರು ಹಿಡಿದು ನಿಷೇಧಿಸಿತು. ಕರ್ನಾಟಕದ ಆದೇಶ ಅಷ್ಟು ದೂರ ಹೋಗಲಿಲ್ಲ. ಹೀಗಾಗಿ ಕಿತ್ತೂರಿನ ಮಗ್ಗುಲಲ್ಲೇ ಹಾದು ನಿಪ್ಪಾಣಿ ದಾಟುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಡಿಯ ಈಚೆ ಬಿಚ್ಚಿಟ್ಟು ಮಾರುವ ಚೀಟು ಗಡಿಯ ಆಚೆ ಕಳ್ಳಮಾಲು. ಗಡಿಯ ಈಚೆ ಆಚೆ ಇಷ್ಟು ಹತ್ತಿರವಿರುವ ಊರುಗಳ ಮಕ್ಕಳಿಗೆ ಎರಡು ಬಗೆಯ ರಕ್ಷಣೆ ಇರುವುದು ಒಪ್ಪತಕ್ಕ ಮಾತಲ್ಲ.

ಇ–ಸಿಗರೇಟಿನ ವಿಷಯದಲ್ಲಿ ಮಾತ್ರ ರಾಜ್ಯ ಮೊದಲೇ ಎಚ್ಚೆತ್ತಿತು. 2016ರ ಜೂನ್‌ನಲ್ಲೇ ಇಲ್ಲಿ ಅದರ ಮಾರಾಟಕ್ಕೆ ತಡೆ ಬಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿದ ಕೇಂದ್ರ, ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ಮಾರಿದವರಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹೊರದೇಶದಲ್ಲಿ ಪರಿಮಳದ ತಂಬಾಕು ತಡೆಯುವ ಕೆಲಸ ಕೆಳಗಿನಿಂದ ಮೇಲಕ್ಕೆ ಬೆಳೆಯಿತು. ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆ 2017ರಲ್ಲಿ ಮೆಂಥಾಲ್ ಸಹಿತ ಎಲ್ಲ ಪರಿಮಳದ ತಂಬಾಕಿನ ಮಾರಾಟ ನಿಲ್ಲಿಸಲು ತೀರ್ಮಾನಿಸಿತು. ಮರುವರ್ಷ ಮತದಾರರು ಅದನ್ನು ಎತ್ತಿಹಿಡಿದರು. 2020ರಲ್ಲಿ ಮ್ಯಾಸಚೂಸೆಟ್ಸ್, 2022ರಲ್ಲಿ ಮತದಾರರ ಒಪ್ಪಿಗೆಯೊಂದಿಗೆ ಕ್ಯಾಲಿಫೋರ್ನಿಯಾ ಇಡೀ ರಾಜ್ಯಕ್ಕೆ ಅದನ್ನು ವಿಸ್ತರಿಸಿದವು. ನಮ್ಮಲ್ಲಿ ಆದೇಶ ಬೆಂಗಳೂರು, ದೆಹಲಿಯಿಂದ ಇಳಿದು ಬರುತ್ತದೆ. ಬೀದಿಬದಿಯ ಅಂಗಡಿಯನ್ನು ದಿನವೂ ಕಾಣುವ ಪುರಸಭೆ, ಗ್ರಾಮ ಪಂಚಾಯಿತಿ ಪಕ್ಕದಲ್ಲೇ ಉಳಿಯುತ್ತವೆ.

ಹಾಗೆ ಇಳಿದು ಬಂದ ಇತ್ತೀಚಿನದು ಕೋಟ್ಪಾ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿತು, ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಜಾರಿಯಾಯಿತು. ಕೊಳ್ಳುವ ವಯಸ್ಸು 18ರಿಂದ 21ಕ್ಕೇರಿತು, ದಂಡ 1000 ರೂಪಾಯಿಯಾಯಿತು, ಹುಕ್ಕಾ ಬಾರ್‌ಗಳು ಮುಚ್ಚಿದವು. ಬಿಡಿ ಸಿಗರೇಟು ಮಾರುವಂತಿಲ್ಲ ಎಂಬ ನಿಯಮ ಈ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಹಳ್ಳಿಯ ಹುಡುಗ ಪ್ಯಾಕೆಟ್ ಕೊಳ್ಳುವುದಿಲ್ಲ, ಒಂದೇ ಒಂದು ಕೊಳ್ಳುತ್ತಾನೆ.

ಈ ತಿದ್ದುಪಡಿಗೆ ಮುಂಚಿನ ಕಾನೂನುಗಳಿಗೂ ಫಲ ಇಲ್ಲವೆನ್ನಲಾಗದು. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ 28.2 ಇದ್ದವರು 2016–17ಕ್ಕೆ ಶೇ 22.8ಕ್ಕೆ ಇಳಿದರು. ಆದರೆ ಸೇದುವವರು ಶೇ 8.8 ಇದ್ದರೆ, ಜಗಿಯುವುದೇ ಮೊದಲಾದ ಹೊಗೆರಹಿತ ತಂಬಾಕಿನವರು ಶೇ 16.3. ಮಾವಾದ ಗಂಟು, ಜೋಡಿ ಚೀಟುಗಳ ಬಲ ಈ ಎರಡನೆಯ ಅಂಕಿಯಲ್ಲಿದೆ.

ಕಾನೂನು ಅಳತೆ ಹಿಡಿದದ್ದು ಶಾಲೆಯ ಗೇಟಿನಿಂದ. ಮಕ್ಕಳು ಅಂಗಡಿಕಾರರ ಕೈಗೆ ಹೂವಿಟ್ಟು ತಂಬಾಕು ಮಾರಬೇಡಿರೆಂದು ಕೇಳುವ ಗುಲಾಬಿ ಆಂದೋಲನ ಶುರುವಾಗುವುದೂ ಅದೇ ಗೇಟಿನಿಂದ. ಆದರೆ ಜಾತ್ರೆಗೆ ಅಂಥ ಗೇಟಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಬರುತ್ತಾರೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಗೂ ಜನ ಮುಗಿಬೀಳುತ್ತಾರೆ. ಭಂಡಾರ, ಬಳೆ, ಬೆಂಡು ಬತ್ತಾಸಿನ ಸಾಲಿನಲ್ಲಿ ನಾಲ್ಕು ಕಂಬ ನೆಟ್ಟು ಎದ್ದ ಅಂಗಡಿಗೆ ಆ ಅಳತೆಯನ್ನು ಎಲ್ಲಿಂದ ಹಿಡಿಯಬೇಕು? ವಯಸ್ಸಿನ ನಿಯಮ ಅಲ್ಲಿಗೂ ಅನ್ವಯಿಸುತ್ತದೆ, ಆದರೆ ಆ ಗದ್ದಲದಲ್ಲಿ ಹುಡುಗನ ವಯಸ್ಸು ಕೇಳುವವರು ಬೇಕು. ಜಾತ್ರೆಗೆ ಮುನ್ನ ಜಾಗ ಅಳೆದುಕೊಡುವಾಗಲೇ ತಂಬಾಕಿಲ್ಲ ಎಂಬ ಷರತ್ತು ಬರೆದುಕೊಳ್ಳಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಅಂಗಡಿಯ ಜಾಗಕ್ಕೆ ರಸೀದಿ ಹರಿಯುವ ಕೈ ಅಲ್ಲಿ ಈಗಾಗಲೇ ಇದೆ.