ಪರದೆಯೊಳಗಿನ ಹಳೆಯ ಸಿಂಥಸೈಸರ್‌ಗಳು

ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತನ್ನ ಕ್ಯೂಬೇಸ್ ತಂತ್ರಾಂಶದ ಜೊತೆ ವಿಎಸ್‌ಟಿ ಎಂಬ ಪ್ಲಗಿನ್ ವ್ಯವಸ್ಥೆಯನ್ನು ತಂದಾಗ, ಅದರಿಂದ ಪ್ರತಿಧ್ವನಿಯಂಥ ಪರಿಣಾಮಗಳನ್ನಷ್ಟೇ ಸೇರಿಸಬಹುದಿತ್ತು. 1999ರ ಎರಡನೆಯ ಆವೃತ್ತಿಯಲ್ಲಿ ಪ್ಲಗಿನ್‌ಗಳಿಗೆ ಮಿಡಿ ಸಂದೇಶಗಳೂ ತಲುಪತೊಡಗಿ, ಕೀಬೋರ್ಡ್ ಒತ್ತಿದರೆ ಅವೇ ನುಡಿಯುವಂತಾಯಿತು. ನಿಯಾನ್ ಎಂಬ ಸರಳ ವಾದ್ಯ ಅದಕ್ಕೆ ಮೊದಲ ಮಾದರಿ.

ಅದಕ್ಕೂ ಮೊದಲೇ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಸಂಸ್ಥೆಯ ರೀಬರ್ತ್ ಹೆಸರು ಮಾಡಿತ್ತು. ಅದು ಪ್ಲಗಿನ್ ಅಲ್ಲ, ಸ್ವತಂತ್ರ ತಂತ್ರಾಂಶ. ರೋಲ್ಯಾಂಡ್ ಕಂಪನಿಯ ಎರಡು ಟಿಬಿ-303 ಬೇಸ್ ಯಂತ್ರಗಳನ್ನೂ ಒಂದು ಟಿಆರ್-808 ಡ್ರಮ್ ಯಂತ್ರವನ್ನೂ ಅದು ಒಂದೇ ಪರದೆಯಲ್ಲಿ ಕೂರಿಸಿತ್ತು. ಅಸಲಿ 303ರಲ್ಲಿ ಒಂದು ಕೈ ಕಟಾಫ್ ಎಂಬ ಗುಬುಟನ್ನು ತಿರುಗಿಸುತ್ತಿದ್ದರೆ ಇನ್ನೊಂದು ರೆಸೊನೆನ್ಸ್ ಎಂಬುದನ್ನು ಹಿಡಿಯಬಹುದು. ಮೌಸ್ ಒಮ್ಮೆಗೆ ತಿರುಗಿಸುವುದು ಒಂದೇ ಗುಬುಟು. ಆದರೂ ದುಬಾರಿ ಯಂತ್ರ ಕೊಳ್ಳಲಾಗದವರಿಗೆ ಅದು ದೊಡ್ಡ ಲಾಭವೇ.

ಆ ಕಾಲದ ಪ್ರೊಸೆಸರ್‌ಗಳ ಶಕ್ತಿ ಕಡಿಮೆ. ಹಾಗಾಗಿ ಲೆಕ್ಕಾಚಾರದಲ್ಲಿ ಕೈ ಬಿಗಿಹಿಡಿಯಬೇಕಿತ್ತು. ಅದರಿಂದ ಮೇಲಿನ ಸ್ಥಾಯಿಗಳಲ್ಲಿ ಏಲಿಯಾಸಿಂಗ್ ಎಂಬ ಕರ್ಕಶ ಅಪಸ್ವರ ಕೇಳಿಸುತ್ತಿತ್ತು. ಅಂದು ದೋಷವೆನಿಸಿದ್ದ ಈ ಒರಟುತನವನ್ನೇ ಇಂದು ಕೆಲವು ನಿರ್ಮಾಪಕರು ಬಯಸಿ ಹುಡುಕುತ್ತಾರೆ. ಜಪಾನಿನ ಉಚಿತ ಪ್ಲಗಿನ್ ಸಿಂಥ್1 ಮಾತ್ರ ಹಗುರವಾಗಿದ್ದೂ ಇಂಪಾಗಿತ್ತು. ನಾರ್ಡ್ ಲೀಡ್ 2 ವಾದ್ಯವನ್ನು ಅನುಸರಿಸಿದ ಅದು ಈಗಲೂ ಬಳಕೆಯಲ್ಲಿದೆ.

ಉಳಿದ ಹಳೆಯ ಪ್ಲಗಿನ್‌ಗಳ ಪಾಡು ಕಷ್ಟದ್ದು. ಬಹಳಷ್ಟು 32 ಬಿಟ್‌ನವು. 2019ರ ಮ್ಯಾಕ್ ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶವನ್ನೇ ಕೈಬಿಟ್ಟಿತು. ವಿಂಡೋಸ್‌ನಲ್ಲಿ ಜೆಬ್ರಿಡ್ಜ್‌ನಂಥ ಸೇತುವೆ ತಂತ್ರಾಂಶಗಳ ಮೂಲಕ ಅವು ಇಂದಿಗೂ ನುಡಿಯುತ್ತವೆ.