ಪತ್ತನಾಜೆಯ ಆಚೆ: ಮೇಳ ಬಿಟ್ಟ ವೇಷಧಾರಿಯ ದಾರಿ

ಪತ್ತನಾಜೆ ಎಂದರೆ ತುಳುವರ ಬೇಷ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ನಡುವಿನ ಐದಾರು ತಿಂಗಳು ವೇಷಧಾರಿಗೆ ಯಜಮಾನನೂ ಇಲ್ಲ, ಸಂಬಳವೂ ಇಲ್ಲ. ಈಗ ನಾವು ಸ್ವತಂತ್ರ ಕಲಾವಿದ, ಅತಿಥಿ ಕಲಾವಿದ ಎನ್ನುವವನು ಹುಟ್ಟಿದ್ದು ಈ ಮಳೆಗಾಲದಲ್ಲಿ ಎಂಬುದು ನನ್ನ ಲೆಕ್ಕ. ಮೇಳ ಬಿಟ್ಟವನಿಗೆ ಹನ್ನೆರಡು ತಿಂಗಳೂ ಮಳೆಗಾಲವೇ.

ಹಳೆಯ ಕಾಲದ ಕಲಾವಿದನನ್ನು ಮೇಳಕ್ಕೆ ಕಟ್ಟಿಹಾಕಿದ್ದು ಮುಂಗಡ. ಜೂನ್‌ನಲ್ಲಿ ಮಕ್ಕಳ ಶಾಲೆ, ಸೋರುವ ಮಾಡು, ಆಟಿ ತಿಂಗಳಲ್ಲಿ ಅಕ್ಕಿ. ಯಜಮಾನರ ಮನೆಗೆ ಹೋಗಿ ಕೈ ಒಡ್ಡಲೇಬೇಕು. ತಿರುಗಾಟ ಶುರುವಾಗುವ ಹೊತ್ತಿಗೆ ಸಂಬಳದ ದೊಡ್ಡ ಪಾಲು ಖರ್ಚಾಗಿರುತ್ತಿತ್ತು. ಮುಂಗಡ ಬೇಡವೆಂದವರು ಗದ್ದೆಗಿಳಿದರು, ಹೋಟೆಲಿನಲ್ಲಿ ದೋಸೆ ಹುಯ್ದರು. ಕೆಲವರು ಚಿಕ್ಕಮೇಳ ಕಟ್ಟಿದರು: ಒಂದೆರಡು ವೇಷ, ಒಬ್ಬ ಭಾಗವತ, ಮದ್ದಳೆ. ಮುಸ್ಸಂಜೆಗೆ ಮನೆಯಿಂದ ಮನೆಗೆ ನಡೆದು, ಚಾವಡಿಯ ದೀಪದ ಮುಂದೆ ಕಾಲು ಗಂಟೆ ಕುಣಿದು, ಅಕ್ಕಿ, ಕಾಯಿ, ಕಾಸು ಪಡೆಯುವ ಕಸುಬು. ಇದನ್ನು ಭಿಕ್ಷಾಟನೆ ಎಂದು ಮೂಗುಮುರಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಜಮಾನನಿಲ್ಲದೆಯೂ ವೇಷಕ್ಕೆ ಬೆಲೆ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು ಈ ಚಿಕ್ಕಮೇಳ.

ಮಳೆಗಾಲದ ಇನ್ನೊಂದು ದಾರಿ ತಾಳಮದ್ದಳೆ. ಬಣ್ಣ ಬೇಡ, ಕಿರೀಟ ಬೇಡ. ಮಾತು ಬಲ್ಲವನಿಗೆ ಕರೆ ಬರುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ತಮ್ಮ ಹೆಸರೊಂದರಿಂದಲೇ ಜನ ಸೇರಿಸಿದರು. ಧರ್ಮಸ್ಥಳ ಮೇಳದಲ್ಲಿ ಹೆಸರು ಮಾಡಿದ್ದ ಕುಂಬಳೆ ಸುಂದರ ರಾವ್ ಆ ಮಾತಿನ ಬಲದೊಂದಿಗೆ 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೇ ಹೋದರು!

ಡೇರೆ ಮೇಳಗಳು ಬಂದ ಮೇಲೆ ಟಿಕೆಟಿನ ಜತೆ ತಾರೆಯೂ ಬಂದ. ಜನ ಪ್ರಸಂಗದ ಹೆಸರು ಕೇಳುವ ಮೊದಲು ‘ಭಾಗವತರು ಯಾರು’ ಎಂದು ಕೇಳತೊಡಗಿದರು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ ಪದ್ಯಕ್ಕಾಗಿ ಊರೂರು ಸುತ್ತಿದವರು ಇಂದಿಗೂ ಸಿಗುತ್ತಾರೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತರ ಆಚೀಚೆ. ಮುಂದೆ ಟಿವಿಯ ಹೊಡೆತಕ್ಕೆ ಹೆಚ್ಚಿನ ಡೇರೆಗಳು ಮಡಚಿಕೊಂಡವು. ಹೆಸರಿದ್ದವರು ಕರೆದಲ್ಲಿಗೆ ಹೋದರು, ಹೆಸರಿಲ್ಲದವರು ಹರಕೆ ಆಟದ ಮೇಳಗಳಲ್ಲಿ ಉಳಿದರು.

ದೊಡ್ಡ ತಿರುವು ಕಾಲಮಿತಿಯದು. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಎರಡು-ಮೂರು ಗಂಟೆಗೆ ಇಳಿಸುವ ಪ್ರಯೋಗವನ್ನು ಶಿವರಾಮ ಕಾರಂತರು ಮಾಡಿದ್ದರು. 1934ರಲ್ಲಿ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಮೇಳವನ್ನು ಮುನ್ನಡೆಸಿದ ಕೆರೆಮನೆ ಶಂಭು ಹೆಗಡೆಯವರೂ ಮಾಡಿದರು. ಆದರೆ ಧರ್ಮಸ್ಥಳದಂಥ ಮೇಳಗಳೇ ನಡುರಾತ್ರಿಗೆ ಮಂಗಳ ಹಾಡತೊಡಗಿದಾಗ ಲೆಕ್ಕಾಚಾರ ಬದಲಾಯಿತು. ಹಗಲಿನ ಉದ್ಯೋಗ ಬಿಡದೆ ವೇಷ ಹಾಕಬಹುದು, ಸಂಜೆ ಒಂದೂರು ರಾತ್ರಿ ಇನ್ನೊಂದೂರು ಓಡಬಹುದು. ‘ಆಟ ಉಂಟು, ಬರ್ಲಿಕ್ಕೆ ಆಗ್ತದಾ?’ ಎಂಬ ಒಂದು ಫೋನು ಸಾಕು.

ಮೇಳದ ಚೌಕಿಯನ್ನು, ಅಂದರೆ ಬಣ್ಣ ಹಚ್ಚುವ ಜಾಗವನ್ನು, ನೋಡಿದವರಿಗೆ ಗೊತ್ತು, ಅಲ್ಲಿ ಪ್ರತಿಯೊಬ್ಬರಿಗೂ ಜಾಗ ನಿಗದಿ. ದೇವರ ಪೆಟ್ಟಿಗೆಯಿಂದ ಯಾರು ಎಷ್ಟು ದೂರ ಕೂರುತ್ತಾರೆ ಎನ್ನುವುದರಲ್ಲೇ ಅವರ ಸ್ಥಾನ ತಿಳಿಯುತ್ತದೆ. ಅತಿಥಿ ಬಂದು ಚೀಲ ಹಿಡಿದು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ಯಾರೋ ಚಾಪೆ ಸರಿಸಿ ಎಡೆ ಕೊಡುತ್ತಾರೆ. ಚೀಲದಿಂದ ಬರುವುದು ಅಂಗೈಯಗಲದ ಕನ್ನಡಿ, ಬಣ್ಣದ ಡಬ್ಬಿಗಳು, ತೆಂಗಿನೆಣ್ಣೆಯ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ಸ್ವಂತ ಗೆಜ್ಜೆ. ಕಿರೀಟ, ಭುಜಕೀರ್ತಿ ಬಾಡಿಗೆಯವು; ಇನ್ನೊಬ್ಬರ ಅಳತೆಗೆ ಮಾಡಿದ್ದನ್ನು ತನ್ನ ಮೈಗೆ ಬಿಗಿಯಬೇಕು. ಭಾಗವತರ ಬಳಿ ಹೋಗಿ ಯಾವ ಪದ್ಯ ಉಂಟು, ಯಾವುದು ಬಿಡುವುದು ಎಂದು ಕೇಳಿಕೊಳ್ಳುವುದೇ ಅವನ ರಿಹರ್ಸಲ್. ಆಟ ಮುಗಿದರೆ ಮೇಳದವರಿಗೆ ಮೇಳದ ಬಸ್ಸು, ಇವನಿಗೆ ಬೈಕು.

ಇಷ್ಟು ಕಷ್ಟವಿದ್ದೂ ಮೇಳದ ಹೊರಗೆ ಆದ ಕೆಲಸ ಸಣ್ಣದಲ್ಲ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜತೆ ಏಕವ್ಯಕ್ತಿ ಯಕ್ಷಗಾನ ರೂಪಿಸಿ, ಒಂದೇ ಸ್ತ್ರೀವೇಷಕ್ಕೆ ಇಡೀ ರಂಗ ಬಿಟ್ಟುಕೊಟ್ಟರು. ಮೇಳಗಳಲ್ಲಿ ಹೆಂಗಸರಿಗೆ ಎಡೆ ಇರಲಿಲ್ಲ. ಭಾಗವತಿಕೆಯಲ್ಲಿ ಲೀಲಾವತಿ ಬೈಪಾಡಿತ್ತಾಯರು ಆ ಬಾಗಿಲು ತೆರೆದು ಮೇಳದೊಂದಿಗೆ ತಿರುಗಾಟವನ್ನೇ ಮಾಡಿದರು. ಉಳಿದ ಹೆಚ್ಚಿನ ಮಹಿಳೆಯರ ಪಾಲಿಗೆ ಸ್ವತಂತ್ರ ತಂಡ ಆಯ್ಕೆಯಲ್ಲ, ಇದ್ದ ಒಂದೇ ದಾರಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಪತ್ತನಾಜೆಗೆ ಮೊದಲೇ ಗೆಜ್ಜೆ ಬಿಚ್ಚಿಸಿತು. ಮೇಳದವರಿಗೆ ಕೇಳಲು ಯಜಮಾನರಾದರೂ ಇದ್ದರು. ಬಿಡಿ ಆಟ ನಂಬಿದವರಿಗೆ ಯಾರ ಬಾಗಿಲು? ಕಲಾವಿದರ ಮಕ್ಕಳ ಓದು, ಮನೆ, ವಿಮೆ ಎಂದು 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ, 2015ರಲ್ಲಿ ಹುಟ್ಟಿದ ಪಟ್ಲ ಸತೀಶ ಶೆಟ್ಟರ ಯಕ್ಷಧ್ರುವ ಪ್ರತಿಷ್ಠಾನ ಕೆಲಸ ಮಾಡುತ್ತಿವೆ. ಸಂಘಸಂಸ್ಥೆಗಳು ಮಾಡಿದಷ್ಟನ್ನು ಆಟ ಆಡಿಸುವ ನಾವು ಮಾಡಿಲ್ಲ. ವೀಳ್ಯಕ್ಕೆ, ಅಂದರೆ ಸಂಭಾವನೆಗೆ, ಲಿಖಿತ ಮಾತು ಇಲ್ಲ, ಮಳೆ ಬಂದು ಆಟ ನಿಂತರೆ ‘ಮುಂದಿನ ಸಲ ನೋಡುವ’ ಎನ್ನುತ್ತೇವೆ.

ಆದ್ದರಿಂದ ಆಟ ಆಡಿಸುವವರಲ್ಲಿ ಒಂದು ವಿನಂತಿ. ಶಾಲು, ಹಾರ, ಫಲಕ ಕಡಿಮೆಯಾದರೂ ಅಡ್ಡಿಯಿಲ್ಲ. ವೀಳ್ಯವನ್ನು ಅದೇ ರಾತ್ರಿ ಚೌಕಿಯಲ್ಲೇ, ಅವರು ಬಣ್ಣ ತೆಗೆದು ಏಳುವ ಮೊದಲು ಕೊಟ್ಟುಬಿಡಿ.