ಇಲಿ ಬಿತ್ತೆಂದರೆ ಊರು ಬಿಡುತ್ತಿದ್ದ ಕಾಲ

ಜಾತ್ರೆ ಎಂದರೆ ಜನ ಕೂಡುವುದು. ತೇರು ಎಳೆಯಲು ನೂರಾರು ಕೈ ಬೇಕು, ಪ್ರಸಾದಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಬೇಕು. ಆದರೆ ಕೂಡದೆ ದೂರವಿರುವುದೇ ಧರ್ಮವಾಗಿದ್ದ ಕಾಲವನ್ನೂ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಜನ ಕಂಡಿದ್ದಾರೆ. ಜಾತ್ರೆಯ ಈ ಶುಭ ಸಂದರ್ಭದಲ್ಲಿ ಅದನ್ನೂ ಸ್ಮರಿಸುವುದು ಯೋಗ್ಯ.

ರೋಗ ಹರಡದಂತೆ ಜನರನ್ನು ದೂರವಿಡುವ ಪದ್ಧತಿ ಬಹಳ ಹಳೆಯದು. 1377ರಲ್ಲಿ ಯುರೋಪಿನ ರಗೂಸಾ ಎಂಬ ಬಂದರು ಪಟ್ಟಣವು ಪ್ಲೇಗಿನ ಊರುಗಳಿಂದ ಬಂದವರನ್ನು 30 ದಿನ ಹೊರಗೇ ನಿಲ್ಲಿಸುವ ಕಟ್ಟಳೆ ಮಾಡಿತು. ಮುಂದೆ ಈ ಅವಧಿ 40 ದಿನವಾಯಿತು. ಇಟಲಿಯ ಭಾಷೆಯಲ್ಲಿ ನಾಲ್ವತ್ತು ಎಂಬ ಅರ್ಥದ ಶಬ್ದದಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದಿತು.

ನಮ್ಮ ದೇಶದಲ್ಲಿ 1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಹೆದರಿದ ಜನ ಊರು ಬಿಟ್ಟು ಓಡಿದರು. ಮುಂಬಯಿಯಿಂದ ಪುಣೆ, ಸೊಲ್ಲಾಪುರ ಮಾರ್ಗವಾಗಿ ರಾಯಚೂರಿಗೆ 1871ರಲ್ಲೇ ರೈಲು ಕೂಡಿತ್ತು. ಜನರೊಡನೆ, ಸರಕಿನೊಡನೆ ಬೇನೆಯೂ ಊರೂರಿಗೆ ಬಂದಿತು. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಯಾಗಿ, ರೈಲು ಪ್ರಯಾಣಿಕರ ತಪಾಸಣೆ ಮಾಡುವ, ಸಂಶಯಿತರನ್ನು ಬೇರೆ ಇಡುವ ಅಧಿಕಾರ ಸರಕಾರಕ್ಕೆ ಸಿಕ್ಕಿತು.

ಪುಣೆಯಲ್ಲಿ ಈ ಅಧಿಕಾರ ಜುಲುಮೆಯಾಯಿತು. ಸೈನಿಕರು ಮನೆಗಳಿಗೆ ನುಗ್ಗಿ ಅಡುಗೆಮನೆ, ದೇವರಕೋಣೆಗಳನ್ನೂ ಬಿಡದೆ ಶೋಧಿಸಿದರು. ಪರಿಣಾಮ ತಿರುಗಾಮುರುಗಾ ಆಯಿತು. ಜನ ರೋಗಿಗಳನ್ನು ಬಚ್ಚಿಟ್ಟರು, ಬೇನೆ ಒಳಗೊಳಗೇ ಹಬ್ಬಿತು. 1897ರ ಜೂನ್ 22ರಂದು ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡನ ಮೇಲೆ ಚಾಫೇಕರ ಸಹೋದರರು ಗುಂಡು ಹಾರಿಸಿದರು.

ಹಳ್ಳಿಗಳ ದಾರಿ ಬೇರೆಯಾಗಿತ್ತು. ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಮಕ್ಕಳು ಮರಿ, ದನಕರುಗಳೊಂದಿಗೆ ಊರು ಬಿಟ್ಟು, ಹೊಲಗಳಲ್ಲಿ ದೂರದೂರ ಗುಡಿಸಲು ಹಾಕಿ ಬಾಳಿದರು. ಇದರ ಮರ್ಮ ಬಳಿಕ ತಿಳಿಯಿತು. ಪ್ಲೇಗು ಮೊದಲು ಇಲಿಯ ಬೇನೆ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟಗಳು ಮನುಷ್ಯನನ್ನು ಕಚ್ಚುತ್ತವೆ. ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ಇದನ್ನು ತೋರಿಸಿದರು. ಮಣ್ಣಿನ ಗೋಡೆ, ಕಾಳಿನ ಕಣಜಗಳಿದ್ದ ಮನೆ ಬಿಟ್ಟರೆ ಚಿಗಟದಿಂದಲೂ ದೂರವಾದಂತೆ. ಇಲಿ ಬಿದ್ದ ಮನೆಯ ಕಾಳು, ಹಾಸಿಗೆ ಬಟ್ಟೆ ಜೊತೆಗೆ ಒಯ್ದರೆ ಮಾತ್ರ ಬೇನೆಯೂ ಬೆನ್ನು ಹತ್ತುತ್ತಿತ್ತು. ಪ್ಲೇಗು ಪುಪ್ಪುಸಕ್ಕೆ ತಗುಲಿದರೆ ಕೆಮ್ಮಿನಿಂದಲೇ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಅಂಥಲ್ಲಿ ಗುಡಿಸಲುಗಳ ನಡುವಿನ ಅಂತರವೇ ರಕ್ಷೆ.

ದೂರವಿರುವುದೆಂದರೆ ಕೈಬಿಡುವುದಲ್ಲ. ಸಾವಿತ್ರಿಬಾಯಿ ಫುಲೆಯವರು ಪುಣೆಯ ಬಳಿ ಮಗ ಯಶವಂತರಾಯರ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತಂದು ಶುಶ್ರೂಷೆ ಮಾಡಿದರು. ಬೇನೆ ಅಂಟಿ 1897ರ ಮಾರ್ಚ್ 10ರಂದು ಸ್ವರ್ಗಸ್ಥರಾದರು. ರೋಗಿಯನ್ನು ಬೇರೆ ಇಡಬೇಕು ನಿಜ. ಆದರೆ ಅವನಿಗೆ ಗಂಜಿ ನೀರು ಮುಟ್ಟಿಸುವವರೂ ಬೇಕು.

ಅದೇ 1897ರ ಕಾಯ್ದೆಯನ್ನು 2020ರ ಮಾರ್ಚದಲ್ಲಿ ಕೊರೋನಾ ಬಂದಾಗ ಮಹಾರಾಷ್ಟ್ರ ಸರಕಾರ ಮತ್ತೆ ಬಳಸಿತು. ರಾಜ್ಯದ ಗುಡಿಗಳ ಬಾಗಿಲು ಭಕ್ತರಿಗೆ ಮುಚ್ಚಿ, ಆ ವರ್ಷ ನವೆಂಬರ 16ರಂದು ತೆರೆದವು. 2021ರಲ್ಲಿ ಮತ್ತೆ ಮುಚ್ಚಿ, ಅಕ್ಟೋಬರ 7ರಂದು ತೆರೆದವು. ನಮ್ಮ ಜಿಲ್ಲೆಯ ಪಂಢರಪುರಕ್ಕೆ 2020ರ ಆಷಾಢ ಏಕಾದಶಿಗೆ ಲಕ್ಷಾಂತರ ವಾರಕರಿಗಳು ನಡೆದು ಬರಲಿಲ್ಲ. ಸಂತರ ಪಾದುಕೆಗಳು ಬಸ್ಸಿನಲ್ಲಿ ಬಂದವು. ಅರ್ಚಕರು ಪೂಜೆ ನಡೆಸಿದರು, ಭಕ್ತರು ಮನೆಯಿಂದಲೇ ಕೈಮುಗಿದರು. ಇದರಿಂದ ವಿಠ್ಠಲನ ಮಹಿಮೆಗೆ ಕುಂದು ಬರಲಿಲ್ಲ.

ಒತ್ತಾಯದಿಂದ ಅಗಲಿಸಿದಲ್ಲಿ ರೋಗ ಅಡಗಿ ಕುಳಿತಿತು. ತಿಳಿದು ತಾವೇ ಅಗಲಿದಲ್ಲಿ ಜನ ಉಳಿದರು. ಗುಡಿಸಲು ಹಾಕಿದ ಹಿರಿಯರು ಬೇನೆ ಇಳಿದ ಮೇಲೆ ಊರಿಗೆ ಮರಳಿ ಬಂದು ಮನೆಗಳಲ್ಲಿ ದೀಪ ಹಚ್ಚಿದರು. ಅವರು ಉಳಿದದ್ದರಿಂದಲೇ ಇಂದು ತೇರಿನ ಮಿಣಿ ಹಿಡಿಯಲು ಕೈಗಳಿವೆ. ಮತ್ತೆಂದಾದರೂ ಅಂಥ ಕಾಲ ಬಂದರೆ, ಒಂದು ವರ್ಷ ತೇರು ನಿಲ್ಲಿಸುವುದೂ ದೇವರ ಸೇವೆಯೇ ಎಂದು ತಿಳಿಯೋಣ. ಸರ್ವರಿಗೂ ಆರೋಗ್ಯಭಾಗ್ಯ ದೊರೆಯಲಿ.